ವಿಧವೆಯ ಎಣ್ಣೆಕುಡಿಕೆಯೂ ನಮ್ಮ ಮನೆಯ ಲೆಕ್ಕವೂ



ಹಬ್ಬಕ್ಕೆ ಮುಂಚೆ ಮನೆ ಮಂತ್ರಿಸುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ. ಮಳವಳ್ಳಿ ಕಡೆಯ ಒಂದು ಊರಿನಲ್ಲಿ ಹಾಗೆ ಮನೆಯಿಂದ ಮನೆಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ನನ್ನ ಕೈ ತಾಗಿ ಗೋಡೆಯ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಪಟ ವಾಲಿತು. ಅದರ ಹಿಂದೆ ಸಿಕ್ಕಿಸಿಟ್ಟಿದ್ದ ನಾಲ್ಕು ಸಣ್ಣ ಪುಸ್ತಕಗಳು ಕೆಳಗೆ ಬಿದ್ದವು. ಪ್ರಾರ್ಥನೆ ಪುಸ್ತಕಗಳೆಂದುಕೊಂಡು ಬಗ್ಗಿ ಎತ್ತಿಕೊಂಡೆ. ನಾಲ್ಕೂ ಸಾಲದ ಕಂತಿನ ಪುಸ್ತಕಗಳು. ಮನೆಯಾಕೆ ಅವನ್ನು ಕಿತ್ತುಕೊಂಡ ಹಾಗೆಯೇ ನನ್ನ ಕೈಯಿಂದ ತೆಗೆದುಕೊಂಡು, ಗಂಡ ಇನ್ನೂ ಕೊಟ್ಟಿಗೆಯಲ್ಲೇ ಇದ್ದಾನೋ ಎಂದು ಒಮ್ಮೆ ತಿರುಗಿ ನೋಡಿ, "ಅವರ್ಗೆ ಎರಡು ಮಾತ್ರ ಗೊತ್ತು ಸ್ವಾಮಿ" ಎಂದರು.

ಆ ಮನೆಯ ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಇಂಥ ಪಟಗಳು ಎಷ್ಟೋ ಮನೆಗಳಲ್ಲಿವೆ. ಪಟದ ದೇವರು ಮಾತ್ರ ಬೇರೆ ಬೇರೆ. ಸಂಸಾರ ತೂಗಿಸುವುದು ಹೇಗೆ, ಖರ್ಚು ಮಾಡುವುದು ಹೇಗೆ ಎಂಬುದು ಗುರುಗಳು ಮಾತನಾಡುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಪವಿತ್ರ ಗ್ರಂಥ ಮಾತನಾಡಿದೆ. ಆದ್ದರಿಂದ ನಾವೂ ಮಾತನಾಡಬಹುದು.

ಈ ವಾರದ ಪಾಠಕ್ಕೆ ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದ ಮೊದಲ ಏಳು ವಚನಗಳನ್ನು ತೆಗೆದುಕೊಳ್ಳೋಣ. ಗ್ರಂಥವನ್ನು ತೆರೆದು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಕತೆ ಚಿಕ್ಕದು. ಪ್ರವಾದಿಗಳ ಮಂಡಳಿಗೆ ಸೇರಿದ ಒಬ್ಬನು ತೀರಿಕೊಂಡಿದ್ದಾನೆ, ಸಾಲ ಉಳಿಸಿ ಹೋಗಿದ್ದಾನೆ. ಸಾಲ ಕೊಟ್ಟವನು ಬಂದು ಅವನ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯುವೆನೆಂದು ನಿಂತಿದ್ದಾನೆ. ವಿಧವೆ ಪ್ರವಾದಿ ಎಲೀಷನ ಬಳಿ ಹೋಗಿ ಅಳುತ್ತಾಳೆ. ಮನೆಯಲ್ಲಿ ಏನೇನಿದೆ ಎಂದು ಅವನು ಕೇಳುತ್ತಾನೆ. ಒಂದು ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಎನ್ನುತ್ತಾಳೆ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತರಬೇಕು, ಕಡಿಮೆ ತರಬಾರದು, ಮಕ್ಕಳೊಡನೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ಯಬೇಕು ಎಂದು ಪ್ರವಾದಿ ಹೇಳುತ್ತಾನೆ. ಪಾತ್ರೆಗಳೆಲ್ಲ ತುಂಬುತ್ತವೆ. ಪಾತ್ರೆ ಮುಗಿದಾಗ ಎಣ್ಣೆಯೂ ನಿಲ್ಲುತ್ತದೆ. ಎಣ್ಣೆ ಮಾರಿ ಸಾಲ ತೀರಿಸಿ, ಮಿಕ್ಕಿದ್ದರಲ್ಲಿ ತಾಯಿ ಮಕ್ಕಳು ಬದುಕಬೇಕು ಎಂಬುದು ಅವನ ಕೊನೆಯ ಮಾತು.

ಮೊದಲು ಗಮನಿಸಬೇಕಾದದ್ದು, ಸತ್ತವನು ದೇವರಿಗೆ ಅಂಜಿ ನಡೆದವನು. ಹೆಂಡತಿ ಅದನ್ನೇ ಮೊದಲು ಹೇಳುತ್ತಾಳೆ, ಪ್ರವಾದಿ ಅಲ್ಲಗಳೆಯುವುದಿಲ್ಲ. ಅವನು ಕುಡುಕನಾಗಿದ್ದನೆಂದಾಗಲಿ ದುಂದುಗಾರನಾಗಿದ್ದನೆಂದಾಗಲಿ ಗ್ರಂಥದಲ್ಲಿಲ್ಲ. ಒಳ್ಳೆಯವನು, ಸಾಲಗಾರ, ಎರಡೂ ಒಟ್ಟಿಗೆ ಇರಬಹುದು. ಗುರುನಿವಾಸದ ಜಗಲಿಯಲ್ಲಿ ಕುಳಿತು ತಲೆ ತಗ್ಗಿಸಿಕೊಂಡು ಸಾಲದ ವಿಷಯ ಹೇಳುವವರಿಗೆ ನಾನು ಈ ಮಾತನ್ನು ತೋರಿಸುತ್ತೇನೆ. ಸಾಲ ಮಾಡಿದ್ದು ಪಾಪವಲ್ಲ. ಆದರೆ ಅದನ್ನು ಪಟದ ಹಿಂದೆ ಇಟ್ಟಷ್ಟು ದಿನ ಅದು ಬೆಳೆಯುತ್ತದೆ.

ಜೀತ ಎಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. 1976ರ ಕಾನೂನು ಅದನ್ನು ರದ್ದುಮಾಡಿತು. ಈಗ ಸಾಲಕ್ಕಾಗಿ ಯಾರೂ ಮಗನನ್ನು ಕಟ್ಟಿ ಒಯ್ಯುವುದಿಲ್ಲ. ಆದರೆ ವಾರದ ಕಂತು ತುಂಬಲಾಗದೆ ಮಗನನ್ನು ಪಿಯುಸಿ ಅರ್ಧಕ್ಕೆ ಬಿಡಿಸಿ ಬೆಂಗಳೂರಿನ ಗೋದಾಮಿಗೆ ಕಳುಹಿಸಿದ ಮನೆಗಳನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ಒಯ್ಯುವವನು ಬಾಗಿಲಿಗೆ ಬರಬೇಕಾಗಿಲ್ಲ; ನಾವೇ ರೈಲು ಹತ್ತಿಸಿ ಬರುತ್ತೇವೆ.

ಇನ್ನು ಪ್ರವಾದಿ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಗೆ ಕೇಳಿಕೊಳ್ಳೋಣ. ಏನಿದೆ ನಮ್ಮಲ್ಲಿ?

ನಮ್ಮ ಭಾಗದ ಸಂಸಾರದ ಕಷ್ಟ ಆದಾಯ ಕಡಿಮೆ ಎಂಬುದಷ್ಟೇ ಅಲ್ಲ. ಆದಾಯ ಬರುವ ಹೊತ್ತು ಒಂದು, ಖರ್ಚಾಗುವ ಹೊತ್ತು ಇನ್ನೊಂದು. ಕಬ್ಬು ಹೆಚ್ಚುಕಡಿಮೆ ಒಂದು ವರ್ಷದ ಬೆಳೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಲೆ ಕ್ವಿಂಟಾಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಇದ್ದರೆ, ಇಳುವರಿ ತಗ್ಗಿದರೆ ಬೆಲೆಯೂ ತಗ್ಗುತ್ತದೆ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುವುದು ಒಂದು, ಆಗುವುದು ಒಂದು. 2015ರಲ್ಲಿ ಬಾಕಿ ಹಣ ಬಾರದೆ, ಸಾಲ ತೀರದೆ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡದ್ದನ್ನು ಮರೆಯಲಾಗದು. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆಯೇ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯತೊಡಗಿತು. 2023ರಲ್ಲಿ ಮಳೆ ಕೈಕೊಟ್ಟು ನಾಲೆಗೆ ನೀರಿಲ್ಲದೆ ಹೋಯಿತು. ರೇಷ್ಮೆ ಹುಳು ಚಾಕಿಯಿಂದ ಗೂಡಿಗೆ ಬರಲು ತಿಂಗಳ ಹತ್ತಿರ ಬೇಕು. ಗೂಡಿನ ಬೆಲೆ ಹರಾಜಿನ ದಿನದವರೆಗೂ ಯಾರಿಗೂ ತಿಳಿಯದು. ಡೇರಿಯ ಬಟವಾಡೆಯೊಂದೇ ತಪ್ಪದೆ ಬರುವ ಹಣ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಂಬಳ ತಿಂಗಳಿಗೊಮ್ಮೆ. ಹೆದ್ದಾರಿ 2023ರಲ್ಲಿ ಮದ್ದೂರನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯ ವಡೆ ಅಂಗಡಿ, ಎಳನೀರು ಅಂಗಡಿಗಳನ್ನು ನಂಬಿದ್ದವರಿಗೆ ದಿನದ ಗಲ್ಲವೂ ತಗ್ಗಿತು.

ಖರ್ಚು ಮಾತ್ರ ಯಾರಿಗೂ ಕಾಯುವುದಿಲ್ಲ. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ನೂರಕ್ಕೆ 15ರಷ್ಟು ಏರಿತು. ಹೆಂಗಸರಿಗೆ ಅದು ತಟ್ಟಲಿಲ್ಲ, ಗಂಡಸರಿಗೆ ತಟ್ಟಿತು. ಅದೇ ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಅದೇ ತಿಂಗಳು ಅಡಿಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿತು. ಹಾಲು ಏರಿದ್ದು ಹಸು ಕಟ್ಟಿದವರಿಗೆ ಸಂತೋಷ, ಕೊಂಡು ಕುಡಿಯುವವರಿಗೆ ಸಂಕಟ. ಒಂದೇ ಪೂಜೆಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಮೊಣಕಾಲೂರಿರುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆಯೇ ಒಂದು ತಿಂಗಳು ಉದ್ದ, ಒಂದು ತಿಂಗಳು ಗಿಡ್ಡವಾದರೆ? ನಮ್ಮ ರೈತರಿಗೆ ಇದಕ್ಕೆ ಉತ್ತರ ಗೊತ್ತಿದೆ, ಹೊಲದಲ್ಲಿ ಗೊತ್ತಿದೆ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ಬರುತ್ತದೆ, ಕೆಲವು ದಿನ ನಿಲ್ಲುತ್ತದೆ. ಕಟ್ಟು ಬಂದ ದಿನ ಗದ್ದೆ ತುಂಬಿಸಿ, ಬದು ಭದ್ರ ಮಾಡಿ, ನಿಲ್ಲುವ ದಿನಗಳಿಗೆ ತೇವ ಉಳಿಸಿಕೊಳ್ಳುತ್ತೀರಿ. ನೀರು ಬಂತೆಂದು ಹಳ್ಳಕ್ಕೆ ಹರಿಯಬಿಡುವವನನ್ನು ಹುಚ್ಚನೆನ್ನುತ್ತೀರಿ. ಕಬ್ಬಿನ ಹಣ ಬಂದ ವಾರ ಮಂಡ್ಯದ ಪೇಟೆಬೀದಿಯಲ್ಲಿ ನಾವು ಮಾಡುವುದೇನು?

ಈಗ ವಾರದ ಕಂತಿನ ಕೇಡು ಎಲ್ಲಿದೆಯೆಂದು ಕಾಣುತ್ತದೆ. ವರ್ಷಕ್ಕೋ ತಿಂಗಳಿಗೋ ಬರುವ ಹಣವನ್ನು ನಂಬಿ ವಾರವಾರ ಕೊಡುವ ಮಾತಿಗೆ ಹೆಬ್ಬೆಟ್ಟು ಒತ್ತುತ್ತೇವೆ. ಮೂರನೆಯ ವಾರ ಕೈಯಲ್ಲಿ ಹಣವಿರುವುದಿಲ್ಲ. ಮೊದಲನೆಯ ಸಂಘದ ಕಂತಿಗೆ ಎರಡನೆಯ ಸಂಘದಲ್ಲಿ ಸಾಲ, ಎರಡನೆಯದಕ್ಕೆ ಮೂರನೆಯದು, ಮೂರಕ್ಕೂ ಸಾಲದೆ ಬಡ್ಡಿ ವ್ಯಾಪಾರಿ. ಪಟದ ಹಿಂದೆ ನಾಲ್ಕು ಪುಸ್ತಕ ಬಂದದ್ದು ಈ ದಾರಿಯಿಂದಲೇ. ಗಂಡನಿಗೆ ತಿಳಿದಿದ್ದ ಎರಡು ಸಾಲ ಕೊಳವೆಬಾವಿಗೆ ಮತ್ತು ಮಗಳ ನರ್ಸಿಂಗ್ ಶುಲ್ಕಕ್ಕೆ. ತಿಳಿಯದ ಎರಡು, ಆ ಎರಡನ್ನು ತೀರಿಸುವುದಕ್ಕೆ.

ಬಡ್ಡಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಬೇಸರ ಪಡಬೇಡಿ, ಪೆನ್ಸಿಲ್ ಹಿಡಿದುಕೊಳ್ಳಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಚಿಕ್ಕ ಮಾತು. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 36. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,500. ಮೂರು ವರ್ಷ ತಪ್ಪದೆ ಕಟ್ಟಿದರೆ 54,000 ಕೊಟ್ಟಿರುತ್ತೀರಿ, ಅಸಲು 50,000 ಹಾಗೆಯೇ ಕೂತಿರುತ್ತದೆ. ಇನ್ನೊಂದು ಬಗೆಯಿದೆ: ಹತ್ತು ಸಾವಿರ ಎಂದು ಬರೆಸಿಕೊಂಡು, ಮುಂಗಡವಾಗಿ ಮುರಿದುಕೊಂಡು 8,500 ಕೈಗೆ ಕೊಟ್ಟು, ವಾರಕ್ಕೆ ಒಂದು ಸಾವಿರದಂತೆ ಹತ್ತು ವಾರ ವಸೂಲು ಮಾಡುವುದು. ಬರೀ 1,500 ಹೆಚ್ಚು ತಾನೇ ಎನ್ನಿಸುತ್ತದೆ. ಆದರೆ ಮೊದಲ ವಾರದಿಂದಲೇ ಅಸಲು ಹಿಂತಿರುಗುತ್ತಿರುತ್ತದೆ. ಆದ್ದರಿಂದ ವರ್ಷದ ಲೆಕ್ಕದಲ್ಲಿ ಆ ಬಡ್ಡಿ ನೂರಕ್ಕೆ 150ನ್ನೂ ಮೀರುತ್ತದೆ.

ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವನ್ನು ಇದರ ಜೊತೆಗೆ ಓದಿರಿ. ಬರಗಾಲ. ಅರಸನ ತೆರಿಗೆ ಕಟ್ಟಬೇಕು. ಜನರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟು ಧಾನ್ಯ ತಂದಿದ್ದಾರೆ. ಕೆಲವರ ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದಾರೆ. ಸಾಲ ಕೊಟ್ಟವರು ಪರಕೀಯರಲ್ಲ, ಅವರದೇ ಜನ, ಅದೇ ಜೆರುಸಲೇಮಿನ ಗೋಡೆಯನ್ನು ಒಟ್ಟಿಗೆ ಕಟ್ಟುತ್ತಿದ್ದವರು. ನೆಹೆಮೀಯ ಕೋಪಗೊಂಡು ಸಭೆ ಕರೆದು, ಹೊಲಮನೆಗಳನ್ನೂ ನೂರಕ್ಕೆ ಒಂದರಂತೆ ತೆಗೆದುಕೊಂಡದ್ದನ್ನೂ ಹಿಂದಿರುಗಿಸಬೇಕೆಂದು ಹಿಡಿದು ಕೇಳಿದ. ನೂರಕ್ಕೆ ಒಂದು! ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ ಅವನು ಅಷ್ಟು ಸಿಟ್ಟಾದ. ನಮ್ಮ ನಡುವೆ ಮೂರಕ್ಕೆ, ಐದಕ್ಕೆ ಕೊಡುವವರಿದ್ದಾರೆ. ಅವರಲ್ಲಿ ಕೆಲವರು ಪೂಜೆಗೆ ತಪ್ಪದೆ ಬರುತ್ತಾರೆ, ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಡುತ್ತಾರೆ. ನಾನು ಆ ಕಾಣಿಕೆ ತೆಗೆದುಕೊಂಡಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ಇದು ಅವರಿಗೆ ಹೇಗೋ, ನನಗೂ ಹಾಗೆಯೇ ಓದಬೇಕಾದ ಅಧ್ಯಾಯ.

ಧರ್ಮಸಭೆ ಬಡ್ಡಿಯನ್ನು ಶತಮಾನಗಳ ಕಾಲ ಖಂಡಿಸಿತು. ಖಂಡಿಸಿದರೆ ಮಾತ್ರ ಬಡವನಿಗೆ ಸಾಲ ಹುಟ್ಟುವುದಿಲ್ಲವಲ್ಲ. ಇಟಲಿಯ ಪೆರೂಜಿಯಾ ನಗರದಲ್ಲಿ 1462ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ ಒಂದು ಭಂಡಾರ ತೆರೆಯಿತು. ಬಡವರು ಸಣ್ಣ ಒಡವೆಯನ್ನೋ ಪಾತ್ರೆಯನ್ನೋ ಅಡವಿಟ್ಟು, ಭಂಡಾರದ ಖರ್ಚಿಗೆ ಸಾಕಾಗುವಷ್ಟೇ ಕೊಟ್ಟು ಸಾಲ ಪಡೆಯಬಹುದಿತ್ತು. ವಿಶ್ವಗುರು ಹತ್ತನೆಯ ಲಿಯೋ 1515ರಲ್ಲಿ ಇದನ್ನು ಒಪ್ಪಿದರು. ನಮ್ಮ ದೇಶದಲ್ಲಿ, ರಾಂಚಿಯ ಕಡೆ ಆದಿವಾಸಿಗಳ ಭೂಮಿ ಬಡ್ಡಿಯವರ ಪಾಲಾಗುವುದನ್ನು ಕಂಡ ಯೇಸುಸಭೆಯ ಫಾದರ್ ಹಾಫ್‌ಮನ್ನರು 1909ರಲ್ಲಿ ಛೋಟಾನಾಗಪುರ ಕಥೋಲಿಕ ಸಹಕಾರಿ ಸಾಲ ಸಂಘವನ್ನು ಕಟ್ಟಿದರು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಇವೆಲ್ಲಕ್ಕೂ ಸ್ವಲ್ಪ ಮುಂಚೆ, 1905ರಲ್ಲೇ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ನಾಡಿನ ಸಹಕಾರ ಚಳವಳಿಗೆ ನಾಂದಿ ಹಾಡಿದ್ದರು. ನಮ್ಮ ಮೈಸೂರು ಸೀಮೆಯ ಮಾತು ಬಂದರೆ ಅಬ್ಬೆ ದುಬ್ವಾ ಸ್ವಾಮಿಗಳನ್ನು ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಅವರು ಪೂಜೆ ಪ್ರಾರ್ಥನೆಗಳಷ್ಟಕ್ಕೇ ನಿಲ್ಲದೆ, ಜನರನ್ನು ಭೂಮಿಯ ಮೇಲೆ ನೆಲೆಗೊಳಿಸಲು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಭಿಕ್ಷೆ ಒಂದು ದಿನದ್ದು, ಬೇಸಾಯ ಬದುಕಿನದ್ದು ಎಂದು ಅವರಿಗೆ ತೋರಿರಬೇಕು.

ಉಳಿತಾಯ ಮಾಡಿ, ಉಳಿತಾಯ ಮಾಡಿ ಎಂದು ಉಪದೇಶಿಸುವ ನಮ್ಮಂಥವರು ಒಂದು ವಿಷಯ ಮರೆಯುತ್ತೇವೆ. ವಿಶ್ವಗುರು ಹದಿಮೂರನೆಯ ಲಿಯೋ 1891ರ ಮೇ 15ರಂದು ಕಾರ್ಮಿಕರನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಮಿತವ್ಯಯದ ಮಾತು ಬರುತ್ತದೆ, ನಿಜ. ಆದರೆ ಅದಕ್ಕಿಂತ ಮೊದಲು, ಹಿತಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಸಾಕಾಗುವಷ್ಟು ಕೂಲಿ ಕೊಡುವುದು ನ್ಯಾಯದ ಬೇಡಿಕೆ, ಅದು ಯಾರೂ ಕರಾರಿನಿಂದ ತಪ್ಪಿಸಿಕೊಳ್ಳಲಾಗದ್ದು ಎಂಬ ಮಾತಿದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಈಗಿನ ವಿಶ್ವಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರು ತೆಗೆದುಕೊಂಡದ್ದು ಆ ಪತ್ರದ ನೆನಪಿನಲ್ಲಿಯೇ. ಕೂಲಿಯೇ ಸಾಲದಿರುವ ಮನೆಗೆ ಮಿತವ್ಯಯದ ಪಾಠ ಹೇಳುವುದು ಖಾಲಿ ಕಣಜಕ್ಕೆ ಬೀಗ ಹಾಕಿದ ಹಾಗೆ. ನಿಮ್ಮ ಗದ್ದೆಗೆ, ಅಂಗಡಿಗೆ, ಮನೆಗೆ ಕೆಲಸಕ್ಕೆ ಬರುವವರ ಕೂಲಿಯನ್ನು ಸಂಜೆಯೇ ಕೊಡುತ್ತೀರಾ ಎಂದು ಒಮ್ಮೆ ಕೇಳಿಕೊಳ್ಳಿ. ನಾಳೆ ಬಾ ಎಂದು ಹೇಳಿಸಿಕೊಂಡ ಹೆಂಗಸು ಆ ರಾತ್ರಿಯ ಅಕ್ಕಿಗೆ ಉದ್ರಿ ಬರೆಸುತ್ತಾಳೆ.

ಇಷ್ಟು ಹೇಳಿದ ಮೇಲೆ ನಮ್ಮ ಖರ್ಚಿನ ಅಭ್ಯಾಸಗಳ ಕಡೆಗೆ ಬರಬಹುದು. ಮಂಡ್ಯ ಜಿಲ್ಲೆಯಲ್ಲಿ ಬೀಗರ ಔತಣದ ಮಾತೆತ್ತದೆ ಖರ್ಚಿನ ಮಾತು ಮುಗಿಯುವುದಿಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಸಾಹಿತ್ಯಕ್ಕಿಂತ ಬಾಡೂಟದ ಚರ್ಚೆಯೇ ಜೋರಾಗಿತ್ತು. ನಾನು ಬಾಡೂಟದ ವಿರೋಧಿಯಲ್ಲ; ಕರೆದ ಮನೆಗಳಲ್ಲಿ ಚೆನ್ನಾಗಿಯೇ ಉಂಡಿದ್ದೇನೆ. ಆದರೆ ಒಂದು ಲೆಕ್ಕ ನೋಡಿ. ಆರು ನೂರು ಜನಕ್ಕೆ ತಲೆಗೆ ಕಾಲು ಕಿಲೋ ಎಂದರೆ 150 ಕಿಲೋ ಮಾಂಸ. ಕಿಲೋಗೆ 700 ರೂಪಾಯಿಯಂತೆ ಹಿಡಿದರೂ 1,05,000 ರೂಪಾಯಿ. ಮುದ್ದೆ, ಅನ್ನ, ಶಾಮಿಯಾನ, ಬಾಣಸಿಗರು ಬೇರೆ. ಅದನ್ನು ಮೂರರ ಬಡ್ಡಿಗೆ ತಂದರೆ ಮದುವೆಯಾದ ಮರುತಿಂಗಳಿಂದ 3,150 ರೂಪಾಯಿ ಬರೀ ಬಡ್ಡಿ. ಮುಯ್ಯಿ ಬರುತ್ತದಲ್ಲ ಎನ್ನುತ್ತಾರೆ. ಮುಯ್ಯಿ ಆದಾಯವಲ್ಲ. ಮುಯ್ಯಿ ಪುಸ್ತಕದಲ್ಲಿ ಬರೆದದ್ದೆಲ್ಲ ಒಂದು ದಿನ ಹಿಂತಿರುಗಿಸಬೇಕಾದ ಸಾಲವೇ, ಬಡ್ಡಿ ಇಲ್ಲ ಅಷ್ಟೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದು ಅತಿಥಿಗಳಿಗೆ ತಿಳಿಯುವ ಮೊದಲು ಮಾತೆ ಮರಿಯಮ್ಮನವರಿಗೆ ತಿಳಿಯಿತು. ಆ ಮನೆಯವರ ಮರ್ಯಾದೆ ಉಳಿಯಿತು. ಮಗನ ಮದುವೆಗೆ ಮುನ್ನೂರು ಎಲೆ ಹಾಕಿಸಿದವನನ್ನು ಆರು ನೂರು ಹಾಕಿಸಲಿಲ್ಲವೆಂದು ಆಡಿಕೊಳ್ಳುವ ನಾವು ಯಾರ ಮರ್ಯಾದೆ ಉಳಿಸುತ್ತಿದ್ದೇವೆ? ಮೊದಲ ಪರಮಪ್ರಸಾದಕ್ಕೂ ಈಗ ಛತ್ರ, ಫ್ಲೆಕ್ಸು, ಕೇಕು ಬಂದಿದೆ. ಮಗುವಿಗೆ ಬಿಳಿ ಬಟ್ಟೆ ಸಾಕು.

ಇನ್ನೊಂದು ಖರ್ಚಿದೆ. ಹೆಂಗಸರ ಸೀರೆ ಚೀಟಿಯ ಬಗ್ಗೆ ಗಂಡಸರು ಬಹಳ ಮಾತನಾಡುತ್ತಾರೆ. ದಿನಕ್ಕೆ 150 ರೂಪಾಯಿ ಸಂಜೆಯ ಕುಡಿತಕ್ಕೆ ಹೋದರೆ ತಿಂಗಳಿಗೆ 4,500, ವರ್ಷಕ್ಕೆ 54,000. ಮೇಲಿನ ಸಾಲಕ್ಕೆ ಮೂರು ವರ್ಷ ಕಟ್ಟಿದ ಬಡ್ಡಿ ಎಷ್ಟಾಯಿತೋ ಅಷ್ಟೇ. ಇದನ್ನು ಯಾವ ಮನೆಯ ಲೆಕ್ಕದ ಪುಸ್ತಕದಲ್ಲಿಯೂ ನಾನು ಬರೆದದ್ದು ಕಂಡಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯೊಡತಿಗೆ ತಿಂಗಳಿಗೆ 2,000 ಎಂದು ಸಂತೋಷಪಟ್ಟೆವು. ಆ ಎರಡು ಸಾವಿರ ಬರುವುದನ್ನೇ ಭದ್ರತೆ ಎಂದುಕೊಂಡು ಹೊಸ ಕಂತಿಗೆ ಸಹಿ ಹಾಕಿದವರೂ ಇದ್ದಾರೆ.

ಸಾಲ ಈಗಾಗಲೇ ಕತ್ತಿಗೆ ಬಂದಿದ್ದರೆ ಏನು ಮಾಡಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಓದಲು ಬಾರದ ನೆರೆಯವರಿಗೆ ಓದಿ ಹೇಳಿ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ ಒಂದರಿಂದ ನಿಯಮ ಮಾಡಿದೆ. ಈ ಸಾಲಕ್ಕೆ ಅಡವು ಕೇಳುವಂತಿಲ್ಲ. ನಿಮ್ಮ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ. ರಾತ್ರಿ ಎಂಟಕ್ಕೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ನಿಯಮವಲ್ಲ, ದಬ್ಬಾಳಿಕೆ. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯೂ ಸೇರಿ ಹಲವು ಕಡೆ ಇಂಥ ಕಿರುಕುಳ ತಾಳದೆ ಜನರು ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಬಿಟ್ಟರು. ಆಗ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಗೆ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿತ್ತು; ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಠಾಣೆಗೆ ಒಬ್ಬರೇ ಹೋಗಲು ಹೆದರಿಕೆಯಾದರೆ ನಿಮ್ಮ ಗುರುಗಳನ್ನೋ ಸಿಸ್ಟರ್‌ಗಳನ್ನೋ ಕರೆದುಕೊಂಡು ಹೋಗಿ. ಬರುವುದಿಲ್ಲ ಎನ್ನಲಾರರು.

ಬೇಸಾಯಗಾರರು ತಮ್ಮ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಬಾಗಿಲನ್ನು ಮರೆಯಬಾರದು. ಅವಧಿಯೊಳಗೆ ತೀರಿಸುವ ಬೆಳೆಸಾಲಕ್ಕೆ ಬಡ್ಡಿಯಿಲ್ಲದ ಮಿತಿಯನ್ನು ಸರ್ಕಾರ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಸದಸ್ಯರಾಗಲು ಕಾಗದಪತ್ರ, ಓಡಾಟ ಬೇಕು, ನಿಜ. ಬಡ್ಡಿಯವನು ಕಾಗದ ಕೇಳುವುದಿಲ್ಲ. ಅದೇ ಅವನ ಆಕರ್ಷಣೆ.

ಮತ್ತು ಇದನ್ನು ಬರೆಯದೆ ಬಿಡಲಾರೆ. ರಾತ್ರಿ ನಿದ್ದೆ ಬಾರದೆ, ತಾನು ಸತ್ತರೆ ಸಾಲ ತೀರೀತೆಂಬ ಯೋಚನೆ ಯಾರಿಗಾದರೂ ಬಂದಿದ್ದರೆ, ಕತೆಯ ಆ ವಿಧವೆಯನ್ನು ನೋಡಿ: ಗಂಡ ಸತ್ತಮೇಲೆ ಸಾಲ ತೀರಲಿಲ್ಲ, ಮಕ್ಕಳ ಕೊರಳಿಗೆ ಬಂತು. ಬೆಳಗಾಗುವವರೆಗೆ ಕಾಯದೆ ಯಾರನ್ನಾದರೂ ಎಬ್ಬಿಸಿ. ಗುರುನಿವಾಸದ ಕದ ತಟ್ಟಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು.

ವಿಧವೆ ನೆರೆಯವರ ಬಳಿ ಹಣ ಕೇಳಲಿಲ್ಲ, ಬರಿದಾದ ಪಾತ್ರೆ ಕೇಳಿದಳು. ಕೇಳಬೇಕಾದರೆ ಊರಿಗೆಲ್ಲ ತನ್ನ ಕಷ್ಟ ತಿಳಿಯುತ್ತದೆ; ತಿಳಿಯಲಿ ಎಂದು ಹೋದಳು. ಆಮೇಲೆ ಬಾಗಿಲು ಮುಚ್ಚಿಕೊಂಡಳು, ಮಕ್ಕಳನ್ನು ಒಳಗೆ ಕರೆದುಕೊಂಡೇ. ಮಕ್ಕಳು ಪಾತ್ರೆ ಎತ್ತಿಕೊಟ್ಟರು. ನಾವು ಮಕ್ಕಳಿಂದ ಮುಚ್ಚಿಟ್ಟು ಕಷ್ಟ ಪಡುತ್ತೇವೆ, ಅವರು ಹೊಸ ಮೊಬೈಲು ಕೇಳಿದಾಗ ಸಿಟ್ಟಾಗುತ್ತೇವೆ. ಲೆಕ್ಕವೇ ತಿಳಿಯದ ಮಗುವಿಗೆ ಮಿತಿ ಎಲ್ಲಿಂದ ತಿಳಿಯಬೇಕು? ಶನಿವಾರ ರಾತ್ರಿ ಜಪಸರ ಮುಗಿದ ಮೇಲೆ ಕಾಲು ಗಂಟೆ ಗಂಡ, ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು ಒಟ್ಟಿಗೆ ಕೂತು ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಬಂದದ್ದು ಎಷ್ಟು, ಹೋದದ್ದು ಎಷ್ಟು, ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು. ಹೆಚ್ಚು ಬಡ್ಡಿಯ ಸಾಲ ಮೇಲುಗಡೆ ಇರಲಿ, ಕೈಗೆ ಹೆಚ್ಚು ಬಂದ ತಿಂಗಳು ಅದಕ್ಕೆ ಮೊದಲು ಹೋಗಲಿ. ಪ್ರವಾದಿ ಹೇಳಿದ ಕ್ರಮವೂ ಅದೇ: ಮೊದಲು ಸಾಲ, ಆಮೇಲೆ ಮಿಕ್ಕಿದ್ದರಲ್ಲಿ ಬದುಕು.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಪಾಲಕ ಸಂತರ ಹಬ್ಬಕ್ಕೆ ಮನೆಗೆ 1,500 ರೂಪಾಯಿ ವಂತಿಗೆ ಎಂದು ಗೊತ್ತುಮಾಡಿ, ಕೊಟ್ಟವರ ಪಟ್ಟಿಯನ್ನು ದೇವಾಲಯದ ಬಾಗಿಲಿಗೆ ಅಂಟಿಸಿದೆ. ತೇರಿಗೆ ದೀಪಾಲಂಕಾರ ಚೆನ್ನಾಗಿ ಆಯಿತು. ಹಬ್ಬವಾಗಿ ತಿಂಗಳಾದ ಮೇಲೆ ತಿಳಿಯಿತು, ಹೂವು ಕಟ್ಟಿ ಮಾರುವ ಒಬ್ಬ ವಿಧವೆ ಪಟ್ಟಿಯಲ್ಲಿ ತನ್ನ ಹೆಸರಿಲ್ಲದಿದ್ದರೆ ಹೇಗೆಂದು ಹೆದರಿ ಆ 1,500ನ್ನು ಐದರ ಬಡ್ಡಿಗೆ ತಂದಿದ್ದರು. ನಾನು ಹಿಂದಿರುಗಿಸಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಸಂತರಿಗೆ ಕೊಟ್ಟದ್ದನ್ನು ವಾಪಸು ಪಡೆಯುವುದುಂಟೇ ಎಂದರು. ಬಡ್ಡಿಯವನಿಗೆ ನಾನೇ ಕೊಟ್ಟು ಬಂದೆ. ಮರುವರ್ಷ ಪಟ್ಟಿ ತೆಗೆದೆವು, ಮನೆಗೊಂದು ಸೇರು ಅಕ್ಕಿ, ತೆಂಗಿನಕಾಯಿ, ತರಕಾರಿ ಎಂದೆವು. ದೀಪಾಲಂಕಾರ ಕಡಿಮೆಯಾಯಿತೆಂದು ಕೆಲವರು ಈಗಲೂ ನನ್ನ ಮೇಲೆ ಬೇಸರದಲ್ಲಿದ್ದಾರೆ.

ಪಟದ ಹಿಂದೆ ಪುಸ್ತಕವಿಟ್ಟಿದ್ದ ಆ ತಾಯಿಯ ವಿಷಯ ಹೇಳಿ ನಿಲ್ಲಿಸುತ್ತೇನೆ. ಹೇಳಬಹುದೆಂದು ಅವರೇ ಒಪ್ಪಿದ್ದಾರೆ. ಗಂಡನಿಗೆ ಹೇಳಲು ಅವರಿಗೆ ಎರಡು ವಾರ ಬೇಕಾಯಿತು. ಮೊದಲ ದಿನ ಮನೆಯಲ್ಲಿ ಮಾತು ಜೋರಾಯಿತಂತೆ, ಎರಡು ದಿನ ಆತ ಊಟ ಮಾಡಲಿಲ್ಲವಂತೆ. ಮೂರನೆಯ ದಿನ ಇಬ್ಬರೂ ಕೂತು ಬರೆದರು. ಬರೆಯುವಾಗ ಎಣ್ಣೆಕುಡಿಕೆ ಸಿಕ್ಕಿತು: ತಿಂಗಳಿಗೆ 2,500ರಂತೆ ಕಟ್ಟುತ್ತಿದ್ದ 50,000ದ ಒಂದು ಚೀಟಿ. ಇನ್ನೊಂದು ಕಡೆ 40,000ಕ್ಕೆ ಐದರ ಬಡ್ಡಿ ಕೊಡುತ್ತಾ, ಇಲ್ಲಿ ಚೀಟಿಯನ್ನು ಮಗಳ ಮದುವೆಗೆಂದು ಮುಟ್ಟದೆ ಇಟ್ಟಿದ್ದರು. ಕೂಗಿನಲ್ಲಿ ಏಳು ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತಿದರು, ಬಡ್ಡಿಯವನ ಬಾಬ್ತು ಮುಗಿಸಿದರು. ಏಳು ಸಾವಿರ ಹೋಯಿತಲ್ಲ ಸ್ವಾಮಿ ಎಂದು ಆತ ನನ್ನೊಡನೆ ಹೇಳಿಕೊಂಡರು. ತಿಂಗಳಿಗೆ ಎರಡು ಸಾವಿರ ಬಡ್ಡಿ ಉಳಿಯುತ್ತದೆ, ನಾಲ್ಕು ತಿಂಗಳಿಗೆ ಅದು ಹುಟ್ಟಿಹೋಗುತ್ತದೆ ಎಂದು ಹೆಂಡತಿಯೇ ಲೆಕ್ಕ ಹೇಳಿದರು. ಕಳೆದ ಸಲ ನಾನು ಹೋದಾಗ ಪುಸ್ತಕಗಳು ಊಟದ ಮೇಜಿನ ಮೇಲಿದ್ದವು. ಇನ್ನೂ ಎರಡಿವೆ. ಒಂದು ಕ್ರಿಸ್ಮಸ್ ಹೊತ್ತಿಗೆ ಮುಗಿಯುತ್ತದಂತೆ, ಕೊಳವೆಬಾವಿಯದಕ್ಕೆ ಇನ್ನೂ ಒಂದು ಕಬ್ಬಿನ ಬೆಳೆ ಬರಬೇಕು.